ಐದು ದಿನ, ನಾಲ್ಕು ರಾತ್ರಿ: ಮಿಡಲ್ ಸ್ಕೂಲ್ ಮಕ್ಕಳಿಗೆ ಕೊಡಗಿನಲ್ಲಿ ಶಿಬಿರ ಮಾಡುವ ಬಗೆ

ಮೊದಲ ಸಲ ಶಿಬಿರ ಮಾಡಿದಾಗ ಎಲ್ಲವೂ ಸರಿಯಾಗಿಯೇ ನಡೆಯಿತು. ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಊಟ ಬಿಸಿಬಿಸಿ ಇತ್ತು. ಸಾಹಸ ಚಟುವಟಿಕೆ ನಡೆಸುವವರು ಬಂದು ಮರದಿಂದ ಮರಕ್ಕೆ ಹಗ್ಗ ಕಟ್ಟಿದರು. ಮಕ್ಕಳು ಹತ್ತಿದರು, ಕಿರುಚಿದರು, ಇಳಿದರು, ಫೋಟೊ ತೆಗೆಸಿಕೊಂಡರು. ಮೂರನೇ ದಿನ ವಾಪಸ್ ಹೊರಡುವಾಗ ಬಸ್ಸಿನ ಬಾಗಿಲಲ್ಲಿ ಕಿಟಕಿ ಸೀಟಿಗೆ ಅದೇ ಹಳೇ ತಳ್ಳಾಟ. 6ನೇ ಕ್ಲಾಸಿನ ಹುಡುಗನೊಬ್ಬ ಬಿದ್ದು ಮೊಣಕಾಲು ತರಚಿಕೊಂಡ. ಅವನ ಬ್ಯಾಗನ್ನು ದಾಟಿಕೊಂಡೇ ಉಳಿದವರು ಹತ್ತಿದರು. ಕೊನೆಗೆ ಅದನ್ನು ಎತ್ತಿಕೊಟ್ಟವಳು ನಾನು.

ಕುಶಾಲನಗರ ತಲುಪುವವರೆಗೂ ನನಗೆ ಅದೇ ಯೋಚನೆ. ಟೀಮ್‌ವರ್ಕ್ ಕಲಿಸುತ್ತೇವೆ ಅಂತ ತಾನೇ ಪೋಷಕರಿಗೆ ಹೇಳಿ ಕರೆದುಕೊಂಡು ಹೋಗಿದ್ದು? ಆದರೆ ಆ ಮೂರು ದಿನದಲ್ಲಿ ಮಕ್ಕಳು ತಾವೇ ಕೂತು ತೀರ್ಮಾನ ಮಾಡಬೇಕಾದ ವಿಷಯ ಒಂದೂ ಇರಲಿಲ್ಲ. ಎದ್ದೇಳುವುದರಿಂದ ಹಿಡಿದು ಮಲಗುವವರೆಗೆ ಎಲ್ಲವನ್ನೂ ದೊಡ್ಡವರೇ ಗೊತ್ತು ಮಾಡಿ ಇಟ್ಟಿದ್ದೆವು. ಮಕ್ಕಳು ಗಿರಾಕಿಗಳ ಹಾಗೆ ಬಂದು ಹೋದರು.

ಆಮೇಲೆ ಹಲವು ಶಿಬಿರ ಮಾಡಿದ್ದೇನೆ, ಹೆಚ್ಚಿನವು ಕಕ್ಕಬ್ಬೆ ಕಡೆಯ ತೋಟಗಳಲ್ಲಿ. ತಪ್ಪು ಮಾಡುತ್ತಾ ಮಾಡುತ್ತಾ ಒಂದು ಕ್ರಮ ಕೈಗೆ ಹತ್ತಿದೆ. ಹೊರಗಿನಿಂದ ಬರುವ ಶಾಲೆಗಳಿಗೂ ನಮ್ಮ ಜಿಲ್ಲೆಯ ಶಾಲೆಗಳಿಗೂ ಅದು ಹೊಂದುತ್ತದೆ. ಕೊಡಗಿನ ಮಕ್ಕಳಿಗೆ ಬೆಟ್ಟ ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ. ದಿನಾ ಕಣ್ಣಿಗೆ ಕಾಣುವ ಬೆಟ್ಟವನ್ನು ಒಂದು ಸಲವೂ ಹತ್ತದ ಮಕ್ಕಳು ನನ್ನ ಕ್ಲಾಸಿನಲ್ಲೇ ಅರ್ಧಕ್ಕಿಂತ ಜಾಸ್ತಿ ಇದ್ದರು.

ಮೊದಲು ಒಂದು ವಾಕ್ಯ ಬರೆಯಿರಿ

ಜಾಗ ಹುಡುಕುವ ಮೊದಲು, ಬಸ್ಸಿನ ಬಾಡಿಗೆ ಕೇಳುವ ಮೊದಲು, ಒಂದು ಕಾಗದದ ಮೇಲೆ ಒಂದೇ ವಾಕ್ಯ ಬರೆಯಿರಿ: ಐದನೇ ದಿನ ಈ ಮಕ್ಕಳು ನಮ್ಮ ಸಹಾಯ ಇಲ್ಲದೆ ಏನು ಮಾಡಬೇಕು? ‘ನಾಯಕತ್ವ ಬೆಳೆಯಬೇಕು’ ಅಂತ ಬರೆದರೆ ಉಪಯೋಗ ಇಲ್ಲ, ಅದನ್ನು ಕಣ್ಣಲ್ಲಿ ನೋಡಲು ಆಗುವುದಿಲ್ಲ. ನಮ್ಮ ವಾಕ್ಯ ಹೀಗಿರುತ್ತದೆ: ‘ಐದನೇ ದಿನ ಪ್ರತಿ ತಂಡ ತಾನೇ ಅಡುಗೆ ಮಾಡಿ, ಉಂಡು, ಪಾತ್ರೆ ತೊಳೆದು, ಯಾರನ್ನೂ ಹಿಂದೆ ಬಿಡದೆ 9 ಗಂಟೆಗೆ ಬಸ್ಸಿನ ಹತ್ತಿರ ಇರಬೇಕು.’ ಇದು ಆಯಿತೋ ಇಲ್ಲವೋ ಅಂತ ಯಾರು ಬೇಕಾದರೂ ನಿಂತು ನೋಡಬಹುದು.

ಮುಖ್ಯೋಪಾಧ್ಯಾಯರು ‘ಪಾಠದ ದಿನ ಹಾಳಾಗುತ್ತದೆ’ ಅಂದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ತೋರಿಸಿ. 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದ ಕಲಿಕೆ ಇರಬೇಕು ಅಂತ ಅದರಲ್ಲೇ ಇದೆ. ಅದರ ಅರ್ಧ ಇಲ್ಲಿ ಖರ್ಚಾಗುತ್ತದೆ ಅಷ್ಟೇ.

ಐದು ದಿನ ಯಾಕೆ ಅಂತ ಕೇಳುತ್ತಾರೆ. ಮೂರು ರಾತ್ರಿಗಿಂತ ಕಡಿಮೆ ಇದ್ದರೆ ಅದು ಪಿಕ್ನಿಕ್. ಕಾರಣ ಮುಂದೆ ಬರುತ್ತದೆ.

ಯಾವಾಗ, ಎಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಗುಡ್ಡಗಳು ಕುಸಿದದ್ದನ್ನು, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಆದ ಭೂಕುಸಿತವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫೆಬ್ರವರಿ ಕಳೆದರೆ ಕಾಡ್ಗಿಚ್ಚಿನ ಭಯ, ಅರಣ್ಯ ಇಲಾಖೆ ಚಾರಣ ನಿಲ್ಲಿಸುವುದುಂಟು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಆಗುತ್ತಲೇ ಗುಡುಗು ಸಿಡಿಲು. ಹಾಗಾಗಿ ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ ಒಳ್ಳೆಯ ಕಾಲ. ಡಿಸೆಂಬರ್ ಕೊನೆಯ ವಾರ ಮಾತ್ರ ಬಿಟ್ಟುಬಿಡಿ. ಆಗ ಇಡೀ ಬೆಂಗಳೂರೇ ಇಲ್ಲಿ ಬಂದಿರುತ್ತದೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕೊಯ್ಲಾದ ಮೇಲೆ ಗದ್ದೆಗಳು ಖಾಲಿ ಬಿದ್ದಿರುತ್ತವೆ. ಅದಕ್ಕಿಂತ ಒಳ್ಳೆಯ ಆಟದ ಬಯಲು ಸಿಗುವುದಿಲ್ಲ, ಗದ್ದೆ ಯಜಮಾನರನ್ನು ಒಂದು ಮಾತು ಕೇಳಿಕೊಂಡರಾಯಿತು. ಅದೇ ಹೊತ್ತಿಗೆ ಕಾಫಿ ಕೊಯ್ಲೂ ನಡೆಯುತ್ತಿರುತ್ತದೆ. ಕೆಲಸದವರ ಜೊತೆ ಅರ್ಧ ದಿನ ಹಣ್ಣು ಬಿಡಿಸಲು ಬಿಡಿ ಅಂತ ತೋಟದವರನ್ನು ಕೇಳಿ. ಸಂಜೆ ತೂಕ ಹಾಕುವಾಗ ತಮ್ಮ ಚೀಲವನ್ನೂ ಕೆಲಸದವರ ಚೀಲವನ್ನೂ ಪಕ್ಕಪಕ್ಕ ನೋಡಿದ ಮಕ್ಕಳು ತುಂಬಾ ಹೊತ್ತು ಮಾತಾಡುವುದಿಲ್ಲ.

ಜಾಗ ಆರಿಸುವಾಗ ನಾನು ನೋಡುವುದು ಇಷ್ಟು. ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಬೇರೆ ಬೇರೆ ಮಲಗುವ ಕೋಣೆ, ಬೇರೆ ಶೌಚಾಲಯ. ಮಳೆ ಬಂದರೆ ಎಲ್ಲರೂ ಕೂರುವ ಒಂದು ಸೂರು. ಒಲೆ ಹೂಡಲು ಅಂಗಳ. ಮುಖ್ಯ ರಸ್ತೆಯಿಂದ ದೂರ. ಆಸ್ಪತ್ರೆಗೆ ಕಾರಿನಲ್ಲಿ ಎಷ್ಟು ನಿಮಿಷ ಅಂತ ನಾವೇ ಒಂದು ಸಲ ಓಡಿಸಿ ನೋಡಿರಬೇಕು, ಗೂಗಲ್ ಮ್ಯಾಪ್ ಹೇಳಿದ್ದನ್ನು ನಂಬಬೇಡಿ. ಈಜುಕೊಳ, ಡಿಜೆ ಇರುವ ರೆಸಾರ್ಟ್‌ಗೆ ಹೋಗಲೇಬೇಡಿ. ಅಲ್ಲಿ ಮಕ್ಕಳ ಕೈಗೆ ಕೆಲಸ ಸಿಗುವುದಿಲ್ಲ.

ಸಿದ್ದಾಪುರ, ಪಾಲಿಬೆಟ್ಟ, ಪೊನ್ನಂಪೇಟೆ ಕಡೆ ಕಾಫಿ ತೋಟದೊಳಗೆ ಆನೆ ಓಡಾಡುತ್ತದೆ. ಅಲ್ಲಿ ಶಿಬಿರ ಮಾಡಿದರೆ ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ಅಂಗಳ ದಾಟುವಂತಿಲ್ಲ. ಹಗಲಲ್ಲೂ ಹೊರಡುವ ಮೊದಲು ತೋಟದ ರೈಟರನ್ನು, ಅಂದರೆ ಕೆಲಸದ ಉಸ್ತುವಾರಿ ನೋಡುವವರನ್ನು, ‘ಇವತ್ತು ಯಾವ ಕಡೆ ಇದ್ದಾವೆ?’ ಅಂತ ಕೇಳಿ. ಕೊಡಗಿನಲ್ಲಿ ಅದು ಮಳೆ ಬಗ್ಗೆ ಕೇಳಿದಷ್ಟೇ ಮಾಮೂಲಿ ಪ್ರಶ್ನೆ.

ಇನ್ನು ನೀರು. ಬರಪೊಳೆಯ ರ‍್ಯಾಫ್ಟಿಂಗ್ ಈ ವಯಸ್ಸಿಗೆ ಅಲ್ಲ. ಜಲಪಾತದ ಕೆಳಗಿನ ಗುಂಡಿಗಳು ನೋಡಲು ಶಾಂತ, ಆದರೆ ಚೇಲಾವರದಂಥ ಕಡೆ ಮುಳುಗಿ ಸತ್ತವರಿದ್ದಾರೆ. ನಮ್ಮ ನಿಯಮ ಸುಲಭ: ಹೊಳೆಯನ್ನು ದಡದಿಂದ ನೋಡುವುದು, ಇಳಿಯುವುದಿಲ್ಲ. ಇದರಲ್ಲಿ ಮಾತ್ರ ಮಕ್ಕಳ ಅಭಿಪ್ರಾಯ ಕೇಳುವುದಿಲ್ಲ.

ಕಾಗದ ಪತ್ರ

ಬೇಸರದ ಕೆಲಸ, ಬೇಗ ಮುಗಿಸೋಣ. ಪೋಷಕರ ಸಹಿ, ಶಾಲಾ ಆಡಳಿತದ ಮತ್ತು ಇಲಾಖೆಯ ಅನುಮತಿ, ಬಸ್ಸಿನ ವಿಮೆ. ಕಾಡಿನ ದಾರಿಯ ಚಾರಣವಿದ್ದರೆ ಅರಣ್ಯ ಇಲಾಖೆಯ ಅನುಮತಿ. ಅದಕ್ಕೆ ‘ಅರಣ್ಯ ವಿಹಾರ’ ಪೋರ್ಟಲ್ ಇದೆ, ಮೊದಲೇ ನೋಡಿಕೊಳ್ಳಿ. 8 ಮಕ್ಕಳಿಗೆ ಒಬ್ಬರು ದೊಡ್ಡವರು, ಅವರಲ್ಲಿ ಕಡೇಪಕ್ಷ ಇಬ್ಬರು ಹೆಂಗಸರು. ಯಾವ ದೊಡ್ಡವರೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಂದೇ ಮಗುವಿನ ಜೊತೆ ಇರಬಾರದು. ಇದನ್ನು ಹೋಂಸ್ಟೇಯವರಿಗೂ ಡ್ರೈವರ್‌ಗೂ ಮೊದಲೇ ಹೇಳಿಬಿಡಿ, ಮುಜುಗರ ಪಡಬೇಡಿ.

ಆರೋಗ್ಯದ ಫಾರಂನಲ್ಲಿ ಆಸ್ತಮಾ, ಮೂರ್ಛೆ, ಔಷಧಿ ಇವುಗಳ ಜೊತೆ ‘ಜೇನು ಕಚ್ಚಿದರೆ ಅಲರ್ಜಿ ಇದೆಯಾ?’ ಅನ್ನುವ ಪ್ರಶ್ನೆಯೂ ಇರಲಿ. ಕಕ್ಕಬ್ಬೆ ಜೇನಿಗೇ ಹೆಸರಾದ ಊರು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕೈಕಾಲು ಅಲುಗಾಡಿಸದೆ ನೇರ ಆಸ್ಪತ್ರೆಗೆ. 108 ಮತ್ತು 112 ಎಲ್ಲರಿಗೂ ಬಾಯಿಪಾಠ ಇರಲಿ. ಬೆಟ್ಟದ ಕಡೆ ಎಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಮುಂಚೆಯೇ ಹೋಗಿ ಗುರುತು ಮಾಡಿಕೊಳ್ಳಿ.

ಪೋಷಕರ ಸಭೆಯಲ್ಲಿ ಒಂದು ಮಾತು ಖಡಾಖಂಡಿತ ಹೇಳಬೇಕು: ‘ನಿಮ್ಮ ಮಗು ಒಂದು ಹೊತ್ತು ಅರೆಬೆಂದ ಅನ್ನ ತಿನ್ನಬಹುದು. ಅದಕ್ಕೆ ನಮಗೆ ಫೋನ್ ಮಾಡಬೇಡಿ.’ ನಗುತ್ತಾರೆ. ನಕ್ಕರೆ ಒಪ್ಪಿದ ಹಾಗೆ.

ತಂಡ ಕಟ್ಟುವುದು

1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ ತನ್ನ ಮೊದಲ ಸ್ಕೌಟ್ ಶಿಬಿರ ಮಾಡಿದಾಗ ಇದ್ದದ್ದು ಇಪ್ಪತ್ತು ಚಿಲ್ಲರೆ ಹುಡುಗರು. ಅವರನ್ನು ನಾಲ್ಕು ಸಣ್ಣ ತಂಡ ಮಾಡಿ, ಪ್ರತಿ ತಂಡಕ್ಕೂ ಒಬ್ಬ ಹುಡುಗನನ್ನೇ ಮುಖ್ಯಸ್ಥ ಮಾಡಿ, ಜವಾಬ್ದಾರಿ ನಿಜವಾಗಿಯೂ ಅವನಿಗೇ ಕೊಟ್ಟ. ಸ್ಕೌಟ್‌ನಲ್ಲಿ ಇವತ್ತಿಗೂ ಅದೇ ಪದ್ಧತಿ. ನಾವೂ ಅದನ್ನೇ ಹಿಡಿಯುತ್ತೇವೆ, ಒಂದು ಬದಲಾವಣೆ ಮಾಡಿಕೊಂಡು. ನಮ್ಮಲ್ಲಿ ಮುಖ್ಯಸ್ಥರು ದಿನಕ್ಕೊಬ್ಬರು.

32 ಮಕ್ಕಳಿದ್ದರೆ 8 ಜನರ ನಾಲ್ಕು ತಂಡ. ಎಂಟಕ್ಕಿಂತ ಜಾಸ್ತಿ ಆದರೆ ಇಬ್ಬರು ಕದ್ದು ಕೂರುತ್ತಾರೆ. ಮೂರು ತರಗತಿಯವರನ್ನೂ ಬೆರೆಸಿ. ಕುಚಿಕು ಗೆಳೆಯರ ಜೋಡಿಯನ್ನು ಒಡೆಯಿರಿ, ಆದರೆ ತೀರಾ ನಾಚಿಕೆಯ ಮಗುವಿಗೆ ಗೊತ್ತಿರುವ ಒಂದು ಮುಖವಾದರೂ ಇರಲಿ. ಮನೆಯಲ್ಲಿ ಕೊಡವ ತಕ್, ಅರೆಭಾಷೆ, ಮಲಯಾಳ, ತುಳು ಮಾತಾಡುವ ಮಕ್ಕಳು ನಮ್ಮ ಕ್ಲಾಸುಗಳಲ್ಲಿ ಒಟ್ಟಿಗೇ ಇರುತ್ತಾರೆ. ಒಂದೇ ಮನೆಮಾತಿನವರು ಒಂದೇ ತಂಡದಲ್ಲಿ ಗುಂಪಾಗದಂತೆ ನೋಡಿಕೊಳ್ಳಿ. ತಂಡದ ಹೆಸರು ಅವರೇ ಇಟ್ಟುಕೊಳ್ಳಲಿ.

ಪ್ರತಿದಿನ ಪ್ರತಿ ತಂಡದಲ್ಲಿ ಐದು ಕೆಲಸ ಸರದಿಯಂತೆ ತಿರುಗುತ್ತದೆ: ದಿನದ ಮುಖ್ಯಸ್ಥ, ಅಡುಗೆಯ ಇಬ್ಬರು, ನೀರು ಸೌದೆಯ ಇಬ್ಬರು, ಪ್ರಥಮ ಚಿಕಿತ್ಸೆಯ ಡಬ್ಬಿ ಹೊರುವವರು ಇಬ್ಬರು, ನೋಟ್‌ಬುಕ್ ಬರೆಯುವವರು ಒಬ್ಬರು. ಕೊಡವ ಒಕ್ಕದ (ಮನೆತನದ) ಹಿರಿಯನಿಗೆ ಪಟ್ಟೆದಾರ ಅನ್ನುತ್ತಾರಲ್ಲ, ನಮ್ಮ ಮಕ್ಕಳು ಒಂದು ವರ್ಷ ದಿನದ ಮುಖ್ಯಸ್ಥರನ್ನು ಪಟ್ಟೆದಾರ ಅಂತ ಕರೆಯಲು ಶುರು ಮಾಡಿದರು. ಹೆಸರು ನಿಂತುಬಿಟ್ಟಿದೆ. ಹನ್ನೊಂದು ವರ್ಷದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ‘ನಾನು ಇವತ್ತು ಪಟ್ಟೆದಾರ, ಪಾತ್ರೆ ಯಾರದ್ದು?’ ಅಂತ ಕೇಳುವುದು ನೋಡಲು ಚೆನ್ನ.

ಸರದಿ ಯಾಕೆ ಬೇಕು ಅಂದರೆ, ನಾವು ಆರಿಸಿದರೆ ಪ್ರತಿ ಸಲ ಜೋರು ಗಂಟಲಿನವರೇ ಬರುತ್ತಾರೆ. ಅವರಿಗೆ ಕಲಿಯಬೇಕಾದದ್ದು ಬೇರೆ ಇದೆ: ನಿನ್ನೆ ತಾನು ಅಪ್ಪಣೆ ಕೊಟ್ಟವನ ಮಾತನ್ನು ಇವತ್ತು ಕೇಳುವುದು.

ಅಡುಗೆ ಒಲೆ

ನನ್ನನ್ನು ಕೇಳಿದರೆ, ಹಗ್ಗದ ಮೇಲೆ ನಡೆಯುವುದಕ್ಕಿಂತ ಒಲೆ ಉರಿಸುವುದು ದೊಡ್ಡ ಪಾಠ. ಹಗ್ಗದಲ್ಲಿ ಸೋತರೆ ಕೆಳಗೆ ಬಲೆ ಇರುತ್ತದೆ. ಅನ್ನ ಹೊತ್ತಿದರೆ ಎಂಟು ಜನರಿಗೆ ಹಸಿವು.

ದಿನಕ್ಕೆ ಒಂದು ಹೊತ್ತು, ಮಧ್ಯಾಹ್ನದ್ದು ಅಥವಾ ರಾತ್ರಿಯದ್ದು (ಐದನೇ ದಿನ ಬೆಳಗಿನದು), ತಂಡವೇ ಅಡುಗೆ ಮಾಡಬೇಕು. ಉಳಿದ ಊಟ ಹೋಂಸ್ಟೇ ಮನೆಯವರದು. ಅಕ್ಕಿ ರೊಟ್ಟಿ, ನೂಲ್‌ಪುಟ್ಟು, ಒಂದು ರಾತ್ರಿ ಕಡಂಬುಟ್ಟು. ತಂಡಕ್ಕೆ ಕೊಡುವ ಸಾಮಾನು: ಅಕ್ಕಿ 1 ಕಿಲೊ, ತೊಗರಿಬೇಳೆ 300 ಗ್ರಾಂ, ತರಕಾರಿ, ಸಾಂಬಾರ ಪುಡಿ, ಎಣ್ಣೆ, ಉಪ್ಪು, ಎರಡು ಪಾತ್ರೆ, ಒಂದು ಸೌಟು, ಒಂದು ಬೆಂಕಿಪೊಟ್ಟಣ. ಬೆಂಕಿಪೊಟ್ಟಣ ಒಂದೇ, ಎರಡನೆಯದು ಇಲ್ಲ. ಮೊದಲ ದಿನ ಒಲೆ ಹೂಡುವುದನ್ನು, ಚಾಕು ಹಿಡಿಯುವುದನ್ನು, ಬಿಸಿ ಪಾತ್ರೆ ಇಳಿಸುವುದನ್ನು ಒಂದು ಸಲ ತೋರಿಸಿ. ನೈಲಾನ್ ಜಾಕೆಟ್ ಬಿಚ್ಚಿಸಿ, ಕೂದಲು ಕಟ್ಟಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಇಡಿ. ಅಷ್ಟಾದ ಮೇಲೆ ಆರು ಹೆಜ್ಜೆ ಹಿಂದೆ ಸರಿದು ಕುರ್ಚಿ ಹಾಕಿಕೊಂಡು ಕೂತುಬಿಡಿ.

ಆ ಕುರ್ಚಿಯಲ್ಲಿ ಸುಮ್ನೆ ಕೂರುವುದೇ ಶಿಬಿರದ ಅತಿ ಕಷ್ಟದ ಕೆಲಸ. ಒಂದು ಸಂಜೆಯ ಕತೆ ಹೇಳುತ್ತೇನೆ. ಒಂದು ತಂಡದ ಸೌದೆ ಇಬ್ಬನಿಗೆ ನೆನೆದಿತ್ತು. ಕಡ್ಡಿ ಗೀರುತ್ತಾರೆ, ಹೊಗೆ ಬರುತ್ತದೆ, ಆರುತ್ತದೆ. ಪೊಟ್ಟಣದಲ್ಲಿ ನಾಲ್ಕು ಕಡ್ಡಿ ಉಳಿಯಿತು. ದಿನದ ಮುಖ್ಯಸ್ಥ ಕೂಗಾಡುತ್ತಿದ್ದ. ಎಲ್ಲರೂ ಒಲೆ ಸುತ್ತ ಮುಗಿಬಿದ್ದು ಊದುತ್ತಿದ್ದರು, ಕಣ್ಣು ಕೆಂಪು. ನನ್ನ ಕಾಲು ತಾನಾಗಿ ಏಳುತ್ತಿತ್ತು, ಸೀರೆ ಸೆರಗನ್ನು ಕೈಯಲ್ಲಿ ಸುತ್ತಿಕೊಂಡು ಕೂತಿದ್ದೆ. ಆಗ ಅಲ್ಲಿವರೆಗೆ ಒಂದು ಮಾತೂ ಆಡದ 7ನೇ ಕ್ಲಾಸಿನ ಹುಡುಗಿ ಎದ್ದು ಹೋದಳು. ತೋಟದ ಕೆಲಸದವರ ಲೈನ್ ಮನೆಯಲ್ಲಿ ಬೆಳೆದವಳು, ಮನೆಯಲ್ಲಿ ಒಲೆ ಅವಳದೇ. ಐದು ನಿಮಿಷದ ಮೇಲೆ ಒಣಗಿದ ಸಿಲ್ವರ್ ಓಕ್ ಎಲೆಗಳನ್ನೂ ತೆಂಗಿನ ಸಿಪ್ಪೆಯ ನಾರನ್ನೂ ಮಡಿಲಲ್ಲಿ ತುಂಬಿಕೊಂಡು ಬಂದಳು. ಯಾರಿಗೂ ಏನೂ ಹೇಳದೆ ದಪ್ಪ ಸೌದೆಗಳನ್ನೆಲ್ಲ ಹೊರಗೆಳೆದು, ನಾರು ಕೆಳಗಿಟ್ಟು, ಬೆರಳು ಗಾತ್ರದ ಕಡ್ಡಿಗಳನ್ನು ಮೇಲಿಟ್ಟು, ಒಂದು ಕಡ್ಡಿ ಗೀರಿದಳು. ಹತ್ತಿಕೊಂಡಿತು. ಕೂಗಾಡುತ್ತಿದ್ದ ಹುಡುಗ ಸ್ವಲ್ಪ ಹೊತ್ತು ನೋಡಿ, ‘ನೀನು ಹೇಳು, ನಾವು ಮಾಡ್ತೀವಿ’ ಅಂದ.

ಕ್ಲಾಸಿನಲ್ಲಿ ಆ ಹುಡುಗಿ ಕೊನೆಯ ಬೆಂಚು. ನಾನು ಎದ್ದು ಹೋಗಿ ಒಲೆ ಹತ್ತಿಸಿದ್ದರೆ ಅಲ್ಲಿಯೂ ಕೊನೆಯ ಬೆಂಚಿನಲ್ಲೇ ಉಳಿಯುತ್ತಿದ್ದಳು.

ಅನ್ನ ಆ ದಿನ ತಳ ಹಿಡಿದಿತ್ತು. ಚೂರೂ ಬಿಡದೆ ತಿಂದರು.

ಎರಡನೇ ದಿನದ ಜಗಳ

ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಜಗಳ ಶುರುವಾಗುತ್ತದೆ. ಶುರುವಾಗದಿದ್ದರೆ ನೀವು ಎಲ್ಲೋ ಅವರ ಕೆಲಸವನ್ನು ಮಾಡಿಕೊಡುತ್ತಿದ್ದೀರಿ ಅಂತ ಅರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ಗುಂಪುಗಳು ಬೆಳೆಯುವ ನಾಲ್ಕು ಹಂತಗಳನ್ನು ಹೇಳಿದ: ಕೂಡುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ಆಮೇಲೆ ಕೆಲಸ ಆಗುವುದು. ಒಂದು ರಾತ್ರಿಯ ಪ್ರವಾಸ ಕೂಡುವುದರಲ್ಲೇ ಮುಗಿಯುತ್ತದೆ, ಎಲ್ಲರೂ ನಗುತ್ತಾ ಮನೆಗೆ ಹೋಗುತ್ತಾರೆ. ಎರಡು ರಾತ್ರಿಯದು ಕಿತ್ತಾಟದ ಮಧ್ಯೆ ಮುಗಿಯುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು. ಮೂರು ರಾತ್ರಿಗಿಂತ ಕಡಿಮೆ ಬೇಡ ಅಂದದ್ದು ಇದಕ್ಕೇ.

ಜಗಳ ಆದಾಗ ಮಾಡಬೇಕಾದದ್ದು: ಕೈ ಎತ್ತಿದರೆ, ಜಾತಿ, ಮೈಬಣ್ಣ, ಮನೆಮಾತು ಹಿಡಿದು ಅಂದರೆ, ಒಬ್ಬರನ್ನೇ ಎಲ್ಲರೂ ಸೇರಿ ಹಣಿದರೆ ತಕ್ಷಣ ನಿಲ್ಲಿಸಿ. ಉಳಿದ ಎಲ್ಲದಕ್ಕೂ ಹತ್ತು ನಿಮಿಷ ಕಾಯಿರಿ. ಮಗು ನಿಮ್ಮ ಹತ್ತಿರ ದೂರು ತಂದರೆ ‘ಇದನ್ನು ಅವನಿಗೆ ಹೇಳಿದ್ಯಾ?’ ಅಂತ ಮಾತ್ರ ಕೇಳಿ. ಬಹಳ ಸಲ ಹೇಳಿರುವುದಿಲ್ಲ.

ಆ ಸಂಜೆ ಗದ್ದೆಯಲ್ಲಿ ಹಾಕಿ ಆಡಿಸಿ. ಕೊಡಗಿಗೆ ಬಂದು ಹಾಕಿ ಆಡದೆ ಹೋಗುವುದೇ? ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೊಂದು ಮನೆತನವೇ ಒಂದೊಂದು ತಂಡ. ತಲೆ ನೆರೆತವರೂ ಹೆಣ್ಣು ಮಕ್ಕಳೂ ಒಂದೇ ತಂಡದಲ್ಲಿ ಆಡುತ್ತಾರೆ. ಅದರ ಕತೆ ಹೇಳಿಯೇ ಆಟ ಶುರು ಮಾಡಿ. ನಮ್ಮ ಆಟಕ್ಕೆ ಎರಡು ನಿಯಮ: ತಂಡದ ಎಲ್ಲರ ಸ್ಟಿಕ್ಕಿಗೂ ಚೆಂಡು ತಾಗದೆ ಗೋಲು ಲೆಕ್ಕಕ್ಕಿಲ್ಲ, ಸ್ಟಿಕ್ ಮೊಣಕಾಲಿಗಿಂತ ಮೇಲೆ ಏಳುವಂತಿಲ್ಲ. ಮೊದಲ ಹತ್ತು ನಿಮಿಷ ಒಂದೂ ಗೋಲು ಆಗುವುದಿಲ್ಲ, ಚೆನ್ನಾಗಿ ಆಡುವವರಿಗೆ ಸಿಟ್ಟು ಬರುತ್ತದೆ. ಆಮೇಲೆ ಅವರೇ ಚೆಂಡು ಬಾರದವರ ಹತ್ತಿರ ನಿಂತು ನಿಧಾನಕ್ಕೆ ತಳ್ಳಿ ಕೊಡಲು ಶುರು ಮಾಡುತ್ತಾರೆ.

ಬೆಟ್ಟದ ದಿನ

ನಾಲ್ಕನೇ ದಿನ ಬೆಟ್ಟ. ನಾವು ತಡಿಯಂಡಮೋಳ್‌ಗೆ ಹೋಗುತ್ತೇವೆ, 1,748 ಮೀಟರ್, ಕೊಡಗಿನ ಅತಿ ಎತ್ತರದ ಶಿಖರ. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯ ಹತ್ತಿರದಿಂದ ಹೊರಟರೆ ಹೋಗಿ ಬರಲು ಇಡೀ ದಿನ ಬೇಕು.

ತಯಾರಿ ಹಿಂದಿನ ದಿನವೇ ಶುರು. ಪ್ರತಿ ತಂಡಕ್ಕೂ 1:50,000 ಅಳತೆಯ ಸರ್ವೆ ಆಫ್ ಇಂಡಿಯಾ ನಕ್ಷೆಯ ಒಂದು ಪ್ರತಿ, ಒಂದು ದಾರ, ಒಂದು ಸ್ಕೇಲ್ ಕೊಡಿ. ದಾರವನ್ನು ದಾರಿಯ ಮೇಲೆ ಅಂಕುಡೊಂಕಾಗಿ ಇಟ್ಟು, ಎಳೆದು ಅಳೆಯಬೇಕು. 2 ಸೆಂಟಿಮೀಟರ್ ಅಂದರೆ 1 ಕಿಲೊಮೀಟರ್. ಎತ್ತರದ ಗೆರೆಗಳು ಒತ್ತಾಗಿದ್ದರೆ ಏರು ಜಾಸ್ತಿ. ಆಮೇಲೆ ನೈಸ್ಮಿತ್ ಅನ್ನುವ ಸ್ಕಾಟ್ಲೆಂಡಿನವನ 1892ರ ಲೆಕ್ಕ ಹೇಳಿಕೊಡಿ: 5 ಕಿಲೊಮೀಟರಿಗೆ ಒಂದು ಗಂಟೆ, ಜೊತೆಗೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದನ್ನು ಎರಡರಿಂದ ಗುಣಿಸಿ, ಮಕ್ಕಳಿಗೆ ಅದೇ ಸರಿ. ಎಷ್ಟು ಗಂಟೆಗೆ ಹೊರಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅವರೇ ಬರೆದು ತರಲಿ. ಗಣಿತದ ಮೇಡಂ ನಾನೇ ಆದರೂ ಹೇಳುತ್ತೇನೆ, ವೇಗ ಕಾಲ ದೂರದ ಲೆಕ್ಕ ಕರಿಹಲಗೆಯ ಮೇಲೆ ಇಷ್ಟು ಚೆನ್ನಾಗಿ ಯಾವತ್ತೂ ತಲೆಗೆ ಹೋಗಿಲ್ಲ.

ಒಂದು ಸಮಯ ಮಾತ್ರ ನಾವು ಇಡುತ್ತೇವೆ: ಮಧ್ಯಾಹ್ನ 12.30ಕ್ಕೆ ಎಲ್ಲಿದ್ದರೂ ತಿರುಗಿ ಇಳಿಯಬೇಕು. ಗುಡುಗು ಕೇಳಿಸಿದರೆ ಅದಕ್ಕೂ ಮೊದಲೇ. ತುದಿಯ ಹುಲ್ಲುಗಾವಲು ಬೋಳು, ಸಿಡಿಲಿಗೆ ಅಲ್ಲಿ ಮರೆಯೇ ಇಲ್ಲ.

ನಡೆಯುವ ಕ್ರಮ ಹೀಗೆ. ಎಲ್ಲಕ್ಕಿಂತ ಮುಂದೆ ದಾರಿ ಗೊತ್ತಿರುವ ಗೈಡ್. ಎಲ್ಲಕ್ಕಿಂತ ಹಿಂದೆ ಒಬ್ಬ ಶಿಕ್ಷಕರು. ನಡುವೆ ತಂಡಗಳು. ಪ್ರತಿ ತಂಡದಲ್ಲಿ ತೀರಾ ನಿಧಾನದವರು ಮೊದಲು, ದಿನದ ಮುಖ್ಯಸ್ಥರು ಕೊನೆಗೆ. ಹೀಗೆ ಮಾಡಿದರೆ ವೇಗದವರು ತಾನಾಗಿ ನಿಧಾನ ಆಗುತ್ತಾರೆ. ಮುಖ್ಯಸ್ಥರ ಕಣ್ಣ ಮುಂದೆ ತಂಡದ ಉಳಿದ ಏಳೂ ತಲೆ ಇರುತ್ತದೆ. ಅರ್ಧ ಗಂಟೆಗೊಮ್ಮೆ ಮಕ್ಕಳೇ ಎಣಿಕೆ ಕೂಗಬೇಕು. ಒಬ್ಬರಿಗೆ 2 ಲೀಟರ್ ನೀರು, ತಂಡಕ್ಕೆ ಎರಡು ಓಆರ್‌ಎಸ್ ಪ್ಯಾಕೆಟ್. ಒಂದು ಪ್ಯಾಕೆಟ್ಟಿಗೆ ಪೂರ್ತಿ 1 ಲೀಟರ್ ನೀರು, ರುಚಿಗೆ ಅಂತ ಕಡಿಮೆ ಹಾಕಬಾರದು.

ನವೆಂಬರ್‌ನಲ್ಲಿ ಶೋಲಾ ಕಾಡಿನ ತೇವದಲ್ಲಿ ಇಂಬಳ (ಜಿಗಣೆ) ಇನ್ನೂ ಇರುತ್ತದೆ. ಮೊದಲ ಇಂಬಳಕ್ಕೆ ಕಿರುಚಾಟ, ಹತ್ತನೆಯದಕ್ಕೆ ಮಾತೂ ಇಲ್ಲ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಬಟ್ಟೆ ತುಂಡಿನಲ್ಲಿ ಉಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡರೆ ತಾಗಿಸಿದ ಕೂಡಲೇ ಬಿದ್ದುಹೋಗುತ್ತದೆ. ಎಳೆದು ಕೀಳಬೇಡಿ.

ಒಂದು ವರ್ಷ ಕೊನೆಯ ಏರಿನ ಬುಡದಲ್ಲಿ ಹುಡುಗನೊಬ್ಬ ಕೂತುಬಿಟ್ಟ. ಇನ್ನು ಆಗಲ್ಲ ಅಂದ. ಗಂಟೆ 11.50. ಅವನ ತಂಡದವರಿಗೆ ತುದಿ ಕಣ್ಣೆದುರೇ ಕಾಣುತ್ತಿತ್ತು. ಇಬ್ಬರು ‘ಅವನನ್ನು ಮೇಡಂ ಹತ್ತಿರ ಬಿಟ್ಟು ಹೋಗೋಣ’ ಅಂದರು. ಬೇಕಿದ್ದರೆ ಬಿಡಬಹುದು, ನಾನು ಕೂರುತ್ತೇನೆ, ತೀರ್ಮಾನ ನಿಮ್ಮದು ಅಂತ ಹೇಳಿ ನಾನು ಬೇರೆ ಕಡೆ ನೋಡುತ್ತಾ ನಿಂತೆ. ಏಳೆಂಟು ನಿಮಿಷ ಚರ್ಚೆ ನಡೆಯಿತು, ಒಬ್ಬಳು ಅತ್ತಳು ಕೂಡ. ಕೊನೆಗೆ ಅವನ ಬ್ಯಾಗಿನ ಸಾಮಾನನ್ನು ಏಳು ಜನ ಹಂಚಿಕೊಂಡು, ಐವತ್ತು ಹೆಜ್ಜೆಗೊಮ್ಮೆ ನಿಲ್ಲುವುದು ಅಂತ ಒಪ್ಪಂದ ಮಾಡಿಕೊಂಡು ಹೊರಟರು. ಅಷ್ಟು ಮಾಡಿದರೂ ತುದಿ ಸಿಗಲಿಲ್ಲ. 12.30 ಆಯಿತು, ತಿರುಗಿದರು. ಉಳಿದ ಮೂರು ತಂಡ ಶಿಖರ ಮುಟ್ಟಿ ಬಂದಿತ್ತು. ಆ ರಾತ್ರಿ ಆ ತಂಡಕ್ಕೆ ಮಾತಾಡಲು ಇದ್ದಷ್ಟು ವಿಷಯ ಬೇರೆ ಯಾರಿಗೂ ಇರಲಿಲ್ಲ. ಎಲ್ಲರೂ ಖುಷಿಯಾಗಿದ್ದರು ಅಂತ ಸುಳ್ಳು ಹೇಳುವುದಿಲ್ಲ. ಒಬ್ಬ ಹುಡುಗ ವಾಪಸ್ ಬಂದ ಮೇಲೂ ವಾರಗಟ್ಟಲೆ ಮುನಿಸಿಕೊಂಡಿದ್ದ.

ರಾತ್ರಿಯ ಸುತ್ತು

ಊಟ ಆದ ಮೇಲೆ ತಂಡ ತಂಡವಾಗಿ ಸುತ್ತು ಕೂರಬೇಕು, 30 ನಿಮಿಷ, ಒಂದು ಲಾಂದ್ರ ನಡುವೆ ಇಟ್ಟುಕೊಂಡು. ಇದನ್ನು ಬಿಟ್ಟರೆ ಹಗಲು ಮಾಡಿದ್ದೆಲ್ಲ ಬರೀ ಸುಸ್ತು. ಮೂರೇ ಪ್ರಶ್ನೆ: ಇವತ್ತು ಏನಾಯಿತು? ಯಾಕೆ ಹಾಗಾಯಿತು? ನಾಳೆ ಏನು ಬದಲಾಯಿಸೋಣ? ಮೂರನೆಯದಕ್ಕೆ ಉತ್ತರ ಕೆಲಸದ ರೂಪದಲ್ಲಿರಬೇಕು. ‘ಒಗ್ಗಟ್ಟಾಗಿರುತ್ತೇವೆ’ ಅಂದರೆ ಒಪ್ಪಬೇಡಿ. ‘ಸೌದೆಯನ್ನು ಸಂಜೆ 4ಕ್ಕೇ ಸೂರಿನೊಳಗೆ ತಂದಿಡುತ್ತೇವೆ’ ಅಂದರೆ ನೋಟ್‌ಬುಕ್ಕಿನಲ್ಲಿ ಬರೆಸಿ.

ಕೈಯಲ್ಲಿ ಒಂದು ಕಲ್ಲೋ ಕಾಫಿ ಕೊಂಬೆಯೋ ಇರುವವರು ಮಾತ್ರ ಮಾತಾಡಬೇಕು. ಮಾತು ಬೇಡ ಅಂದವರು ಮುಂದಕ್ಕೆ ದಾಟಿಸಬಹುದು. ಶಿಕ್ಷಕರಿಗೆ ಉಪನ್ಯಾಸ ಕೊಡುವ ಆಸೆ ಜಾಸ್ತಿ, ನನಗೂ. ಬಾಯಲ್ಲಿ ಒಂದು ಏಲಕ್ಕಿ ಹಾಕಿಕೊಂಡು ಕೂರುತ್ತೇನೆ, ಸ್ವಲ್ಪ ಕೆಲಸ ಮಾಡುತ್ತದೆ. ಒಬ್ಬರನ್ನು ಹೊಗಳುವುದಿದ್ದರೆ ನೋಡಿದ್ದನ್ನೇ ಹೇಳಿ. ‘ನೀನು ಒಳ್ಳೆ ಲೀಡರ್’ ಅಂದರೆ ಅದನ್ನು ಹಿಡಿದು ಮಗು ಏನೂ ಮಾಡಲಾರದು. ‘ಎಣಿಕೆ ತಪ್ಪಿದಾಗ ನೀನು ನಿಲ್ಲಿಸಿ ಮತ್ತೆ ಎಣಿಸಿದೆ’ ಅಂದರೆ ನಾಳೆಯೂ ಎಣಿಸುತ್ತದೆ.

ಮಲಗುವ ಹೊತ್ತಿನ ವಿಷಯಗಳು

ಮೊಬೈಲ್ ಇಲ್ಲ. ಶಿಕ್ಷಕರದ್ದೂ ತುರ್ತಿಗೆ ಮಾತ್ರ. ಸಂಜೆ ಒಂದು ಸಲ ಪೋಷಕರ ವಾಟ್ಸಾಪ್ ಗುಂಪಿಗೆ ‘ಎಲ್ಲರೂ ಚೆನ್ನಾಗಿದ್ದಾರೆ’ ಅಂತ ಒಂದು ಸಾಲು ಹಾಕಿ, ಫೋಟೊ ಬೇಡ. ಫೋಟೊ ಹಾಕಿದರೆ ‘ನನ್ನ ಮಗ ಎಲ್ಲಿ?’ ಅಂತ ಶುರುವಾಗುತ್ತದೆ.

ಮನೆ ನೆನಪಾಗಿ ಅಳುವುದು ಮೊದಲ ರಾತ್ರಿ 10ರ ಸುಮಾರಿಗೆ. ಫೋನ್ ಕೊಟ್ಟರೆ ಜಾಸ್ತಿ ಆಗುತ್ತದೆ. ಬಿಸಿ ಹಾಲು ಕೊಡಿ, ನಾಳೆ ಬೆಳಿಗ್ಗೆಗೆ ಒಂದು ನಿಜವಾದ ಕೆಲಸ ಕೊಡಿ. ಹಾಸಿಗೆ ಒದ್ದೆ ಮಾಡುವ ಮಕ್ಕಳು ಈ ವಯಸ್ಸಿನಲ್ಲೂ ಇರುತ್ತಾರೆ. ಪೋಷಕರಿಂದ ಗುಟ್ಟಾಗಿ ತಿಳಿದುಕೊಂಡು ಹೆಚ್ಚಿನ ಚಾದರ ಇಟ್ಟಿರಿ, ಬೆಳಗಾಗುವ ಮೊದಲೇ ಸದ್ದಿಲ್ಲದೆ ಬದಲಾಯಿಸಿ. ಸ್ಯಾನಿಟರಿ ಪ್ಯಾಡ್ ಯಾವ ಕಪಾಟಿನಲ್ಲಿದೆ ಅಂತ ಎಲ್ಲ ಹುಡುಗಿಯರಿಗೂ ಮೊದಲ ದಿನವೇ ತೋರಿಸಿ, ಯಾರೂ ಬಂದು ಕೇಳುವ ಹಾಗೆ ಆಗಬಾರದು. ಡಿಸೆಂಬರ್, ಜನವರಿ ರಾತ್ರಿ ಚಳಿ ಜೋರು. ಪಟ್ಟಿಯಲ್ಲಿ ಸ್ವೆಟರ್ ಅಂತ ಬರೆದರೆ ತೆಳ್ಳಗಿನದು ತರುತ್ತಾರೆ, ‘ಉಣ್ಣೆಯ ಸ್ವೆಟರ್, ಕಿವಿ ಮುಚ್ಚುವ ಟೋಪಿ’ ಅಂತಲೇ ಬರೆಯಿರಿ.

ವಾಪಸ್ ಬಂದ ಮೇಲೆ

ಶಿಬಿರ ಕೊಟ್ಟದ್ದನ್ನು ಶಾಲೆ ಎರಡು ವಾರದಲ್ಲಿ ಅಳಿಸಿಹಾಕಬಲ್ಲದು. ಅಲ್ಲಿ ಬೆಂಕಿ ನಂಬಿ ಕೊಟ್ಟ ಮಕ್ಕಳಿಗೆ ಇಲ್ಲಿ ಸೀಮೆಸುಣ್ಣ ತರಲೂ ಅನುಮತಿ ಕೇಳು ಅಂದರೆ ಇನ್ನೇನಾಗುತ್ತದೆ? ಹಾಗಾಗಿ ಹೊರಡುವ ಮೊದಲೇ ಶಾಲೆಯ ಒಂದು ನಿಜವಾದ ಕೆಲಸವನ್ನು ತಂಡಗಳಿಗೆ ಬರೆದುಕೊಡಲು ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ. ನಮ್ಮಲ್ಲಿ ಬಿಸಿಯೂಟ ಬಡಿಸುವ ಸಾಲು ಮತ್ತು ಲೈಬ್ರರಿಯ ಪುಸ್ತಕ ಕೊಡುವುದು ಅವೇ ತಂಡಗಳದ್ದು, ಅದೇ ಸರದಿ, ತಿಂಗಳಿಗೊಮ್ಮೆ ಅದೇ ಮೂರು ಪ್ರಶ್ನೆ. ಮೊದಲ ತಿಂಗಳು ಪುಸ್ತಕದ ಲೆಕ್ಕ ತಪ್ಪಿತು. ಎರಡನೇ ತಿಂಗಳು ಅವರೇ ಹುಡುಕಿ ತಂದರು.

ನಾಲ್ಕು ತಂಡದ ನೋಟ್‌ಬುಕ್ಕುಗಳನ್ನು ಬಿಸಾಡಬೇಡಿ. ಮುಂದಿನ ವರ್ಷದ ಮಕ್ಕಳ ಕೈಗೆ ಕೊಡಿ, ನಿಮ್ಮ ಸೂಚನೆಗಿಂತ ಅದನ್ನು ಜಾಸ್ತಿ ಓದುತ್ತಾರೆ. ಕಳೆದ ಸಲದ ಒಂದರ ಕೊನೆಯ ಪುಟದಲ್ಲಿ, ಮುಂದೆ ಬರುವವರಿಗೆ ಅಂತ, ಮೂರು ಬೇರೆ ಬೇರೆ ಕೈಬರಹದಲ್ಲಿ ಇಷ್ಟಿತ್ತು:

‘ಸೌದೆ ಸಂಜೆಯೇ ಒಳಗಿಡಿ. ಮೇಡಂ ಕುರ್ಚಿಯಲ್ಲಿ ಕೂತಿದ್ದರೆ ಸಿಟ್ಟಾಗಿದ್ದಾರೆ ಅಂತ ಅಲ್ಲ. ಉಪ್ಪು ಎರಡು ಪ್ಯಾಕೆಟ್ ತನ್ನಿ, ಒಂದು ಇಂಬಳಕ್ಕೆ.’